ಇಂಜಿನ್ ಲೋಡ್ ಲಾಗ್ ನಂಬುವಂತಿದೆಯೇ? ಟ್ಯೂನ್ ಮುಟ್ಟುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಟೇಬಲ್ಲಿನ ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಲೋಡ್. ಇಂಧನದ ಟೇಬಲ್ಲೂ ಹಾಗೆಯೇ. ಲಾಗ್‌ನಲ್ಲಿ, ಅಂದರೆ ಓಡುವಾಗಿನ ಇಂಜಿನ್ ಅಂಕಿಗಳ ದಾಖಲೆಯಲ್ಲಿ, ಲೋಡ್ ಶೇ. 10ರಷ್ಟು ತಪ್ಪಾಗಿ ಬಿದ್ದರೆ ಟೇಬಲ್ಲಿನಲ್ಲಿ ಇಂಜಿನ್ ಓಡುತ್ತಿರುವ ಮನೆ ಒಂದು, ನೀವು ತಿದ್ದುವ ಮನೆ ಇನ್ನೊಂದು. ನಾಕ್ (ಸಿಲಿಂಡರ್‌ನಲ್ಲಿ ಇಂಧನ ಹೊತ್ತಲ್ಲದ ಹೊತ್ತಿಗೆ ಸಿಡಿಯುವುದು) ಬಂದ ಮನೆಯನ್ನು ಹಾಗೇ ಬಿಟ್ಟು ಪಕ್ಕದ ಮನೆಯಲ್ಲಿ ಎರಡು ಡಿಗ್ರಿ ಇಳಿಸಿ, ಮತ್ತೆ ನಾಕ್ ಬಂತೆಂದು ತಲೆಕೆಡಿಸಿಕೊಳ್ಳುವುದು ಹೀಗೆಯೇ ಶುರುವಾಗುತ್ತದೆ.

ಲೋಡ್ ಅಳೆಯುವ ಸೆನ್ಸರ್ ಕಾರಿನಲ್ಲಿ ಎಲ್ಲೂ ಇಲ್ಲ. ಒಳಗೆ ಬಂದ ಗಾಳಿಯ ತೂಕ ಮತ್ತು ಇಂಜಿನ್ ವೇಗ, ಇವೆರಡರಿಂದ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲೆಕ್ಕ ಹಾಕಿ ತೆಗೆಯುವ ಸಂಖ್ಯೆ ಅದು. ಆದ್ದರಿಂದ ಅಂಕಿ ವಿಚಿತ್ರವಾಗಿ ಕಂಡರೆ ತಪ್ಪು ಮೂರರಲ್ಲಿ ಒಂದು ಕಡೆ ಇರುತ್ತದೆ: ಗಾಳಿಯ ದಾರಿಯಲ್ಲಿ, ಲೆಕ್ಕದಲ್ಲಿ, ಇಲ್ಲವೇ ಆ ಲೆಕ್ಕವನ್ನು ಲ್ಯಾಪ್‌ಟಾಪಿಗೆ ತರುವ ದಾರಿಯಲ್ಲಿ. ಹುಡುಕುವಾಗ ಕೊನೆಯದರಿಂದ ಹಿಂದಕ್ಕೆ ಬನ್ನಿ. ಲಾಗರ್ ಸೆಟ್ಟಿಂಗ್ ನೋಡಲು ಖರ್ಚಿಲ್ಲ, ಇನ್‌ಟೇಕ್ ಬಿಚ್ಚಲು ಅರ್ಧ ದಿನ ಬೇಕು.

ಇಲ್ಲಿನ ಉದಾಹರಣೆಗಳಿಗೆ ಅಮೆರಿಕದ ಮಾರುಕಟ್ಟೆಯ 2.5 ಲೀಟರ್ ಟರ್ಬೊ ಸುಬಾರು ಕಾರುಗಳನ್ನು ಆರಿಸಿಕೊಂಡಿದೆ: 2004–2007ರ ಎಸ್‌ಟಿಐ, 2006–07ರ ಡಬ್ಲ್ಯುಆರ್‌ಎಕ್ಸ್. ಇವಕ್ಕೆ ರೋಮ್‌ರೈಡರ್ ಎಂಬ ಉಚಿತ ತಂತ್ರಾಂಶ ಮತ್ತು ಟ್ಯಾಕ್ಟ್ರಿಕ್ಸ್ ಓಪನ್‌ಪೋರ್ಟ್ 2.0 ಕೇಬಲ್ ಸಾಕು, ಒಳಗಿನ ಲೆಕ್ಕವೆಲ್ಲ ತೆರೆದ ಪುಸ್ತಕ. ಲೆಕ್ಕದ ಭಾಗ ಯಾವ ಪೆಟ್ರೋಲ್ ಕಾರಿಗಾದರೂ ಒಪ್ಪುತ್ತದೆ. ನಮ್ಮೂರಿನ ಕಾರುಗಳಲ್ಲಿ ಸಾಮಾನ್ಯ ಓಬಿಡಿ (ಕಾರಿನ ದೋಷಪತ್ತೆ ಪೋರ್ಟ್) ಸ್ಕ್ಯಾನರ್‌ನಿಂದ ಲಾಗ್ ಮಾಡುವವರಿಗೆ ಬೇಕಾದ್ದು ಕೊನೆಯಲ್ಲಿದೆ.

ನೀವು ನೋಡುತ್ತಿರುವುದು ಯಾವ ಲೋಡ್?

ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ಅಂಕಿಗಳಿವೆ. ಅರ್ಧದಷ್ಟು ಗೊಂದಲಕ್ಕೆ ಇದೇ ಕಾರಣ.

ಓಬಿಡಿಯ ಪಿಐಡಿ (ಕೇಳುವ ಅಂಕಿಯ ಗುರುತು ಸಂಖ್ಯೆ) 04 ಕೊಡುವುದು ‘ಕ್ಯಾಲ್ಕ್ಯುಲೇಟೆಡ್ ಲೋಡ್’. ಈಗಿನ ಗಾಳಿಯ ಹರಿವನ್ನು, ಅದೇ ಆರ್‌ಪಿಎಂನಲ್ಲಿ ಪೂರ್ತಿ ಥ್ರಾಟಲ್ ಒತ್ತಿದರೆ ಬರಬಹುದಾದ ಹರಿವಿನಿಂದ ಭಾಗಿಸಿದ ಶೇಕಡಾ ಅಂಕಿ ಇದು. ಛೇದದಲ್ಲಿ ವಾತಾವರಣದ ಒತ್ತಡ ಮತ್ತು ತಾಪಮಾನದ ತಿದ್ದುಪಡಿ ಸೇರಿರುವುದರಿಂದ ಸಮುದ್ರಮಟ್ಟದಲ್ಲೂ ಬೆಟ್ಟದ ಮೇಲೂ ಪೂರ್ತಿ ಥ್ರಾಟಲ್‌ನಲ್ಲಿ 100ರ ಹತ್ತಿರವೇ ತೋರಿಸುತ್ತದೆ. ಟ್ಯೂನಿಂಗ್‌ಗೆ ಇದು ಬಹುಮಟ್ಟಿಗೆ ಕೆಲಸಕ್ಕೆ ಬಾರದ ಕಾಲಂ.

ಪಿಐಡಿ 43 ‘ಅಬ್ಸೊಲ್ಯೂಟ್ ಲೋಡ್’. ಒಂದು ಇನ್‌ಟೇಕ್ ಸ್ಟ್ರೋಕ್‌ನಲ್ಲಿ ಸಿಲಿಂಡರಿಗೆ ಬಂದ ಗಾಳಿಯ ಗ್ರಾಂ ತೂಕವನ್ನು, ಸಿಲಿಂಡರ್ ಗಾತ್ರವನ್ನು 1.184ರಿಂದ ಗುಣಿಸಿದ ಅಂಕಿಯಿಂದ ಭಾಗಿಸುತ್ತಾರೆ. 1.184 ಅಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿಯ ತೂಕ, ಗ್ರಾಂಗಳಲ್ಲಿ. ಟರ್ಬೊ ಇಲ್ಲದ ಇಂಜಿನ್‌ನಲ್ಲಿ ಇದು ಸುಮಾರು 95ರವರೆಗೆ ಹೋಗುತ್ತದೆ, ಟರ್ಬೊ ಇದ್ದರೆ 100 ದಾಟುವುದು ಸಹಜ.

ಸುಬಾರು ಟೇಬಲ್‌ಗಳು ಬಳಸುವುದು ಇವೆರಡನ್ನೂ ಅಲ್ಲ. ಅಲ್ಲಿರುವುದು ಕ್ರ್ಯಾಂಕಿನ ಪ್ರತಿ ಸುತ್ತಿಗೆ ಎಷ್ಟು ಗ್ರಾಂ ಗಾಳಿ ಎಂಬ ಅಂಕಿ. ರೋಮ್‌ರೈಡರ್‌ನಲ್ಲಿ ಅದು ಎರಡು ರೀತಿಯಲ್ಲಿ ಸಿಗುತ್ತದೆ. ಒಂದು, ಮಾಫ್ (ಒಳಬರುವ ಗಾಳಿಯ ತೂಕ ಅಳೆಯುವ ಸೆನ್ಸರ್) ಮತ್ತು ಆರ್‌ಪಿಎಂ ಓದಿ ಲ್ಯಾಪ್‌ಟಾಪೇ ಲೆಕ್ಕ ಹಾಕುವ ಲೋಡ್. ಇನ್ನೊಂದು, ಇಸಿಯುವಿನ ರ‍್ಯಾಮ್‌ನಿಂದ ನೇರವಾಗಿ ಎತ್ತಿದ ಲೋಡ್. ಟೇಬಲ್ ನೋಡಲು ಇಸಿಯು ನಿಜವಾಗಿ ಬಳಸುವುದು ಇದನ್ನೇ. ಅದೇ ಪಟ್ಟಿಯಲ್ಲಿ ‘ರಿಲೇಟಿವ್’ ಎಂಬ ಶೇಕಡಾ ಲೋಡ್ ಕೂಡ ಇದೆ. ಅದನ್ನು ಟಿಕ್ ಮಾಡಿ ಟೇಬಲ್ ಜೊತೆ ಹೋಲಿಸಲು ಹೋದರೆ ಯಾವುದೂ ತಾಳೆಯಾಗುವುದಿಲ್ಲ.

ಕೈಲೆಕ್ಕ

ಲೋಡ್ = ಮಾಫ್ (ಗ್ರಾಂ/ಸೆಕೆಂಡ್) × 60 ÷ ಆರ್‌ಪಿಎಂ.

2520 ಆರ್‌ಪಿಎಂನಲ್ಲಿ ಒಂದೇ ಸಮನೆ ಹೋಗುವಾಗ ಮಾಫ್ 21 ಗ್ರಾಂ ಇದ್ದರೆ ಲೋಡ್ 0.50. ನಾಲ್ಕು ಸ್ಟ್ರೋಕ್ ಇಂಜಿನ್ ಒಂದು ಸುತ್ತಿಗೆ ತನ್ನ ಗಾತ್ರದ ಅರ್ಧದಷ್ಟು ಗಾಳಿ ಎಳೆಯುತ್ತದೆ. 2.5 ಲೀಟರಿಗೆ ಅದು 1.25 ಲೀಟರ್, ತೂಕದಲ್ಲಿ 1.48 ಗ್ರಾಂ. ಹಾಗಾಗಿ 0.50 ಎಂಬುದು ಅಬ್ಸೊಲ್ಯೂಟ್ ಲೋಡ್ ಲೆಕ್ಕದಲ್ಲಿ ಶೇ. 34. ನಿಮ್ಮ ಇಂಜಿನ್‌ಗೆ ಬೇಕಾದರೆ ಲೀಟರ್ ಗಾತ್ರವನ್ನು 0.592ರಿಂದ ಗುಣಿಸಿ, ಬಂದದ್ದೇ ಶೇ. 100ಕ್ಕೆ ಸಮನಾದ ಗ್ರಾಂ. 1.2 ಲೀಟರ್ ಇಂಜಿನ್‌ಗೆ 0.71.

ಈ ಎರಡು ಸೂತ್ರಗಳನ್ನು ಸ್ಪ್ರೆಡ್‌ಶೀಟ್‌ನ ಮೇಲ್ಸಾಲಿನಲ್ಲಿ ಹಾಕಿಟ್ಟುಕೊಳ್ಳಿ. ಮುಂದಿನ ಪತ್ತೆದಾರಿಕೆಯೆಲ್ಲ ಇವುಗಳ ಮೇಲೇ ನಿಂತಿದೆ.

ಪರೀಕ್ಷೆಗೆ ಬೇಕಾದ ಲಾಗ್‌ಗಳು

ಲಾಗ್ ಶುರು ಮಾಡುವ ಮುನ್ನ ಡ್ಯಾಶ್‌ಬೋರ್ಡ್ ಕೆಳಗಿನ ಹಸಿರು ಟೆಸ್ಟ್ ಕನೆಕ್ಟರ್ ನೋಡಿ. ಫ್ಲಾಶ್ ಮಾಡುವಾಗ (ಇಸಿಯುಗೆ ಹೊಸ ತಂತ್ರಾಂಶ ತುಂಬುವಾಗ) ಸೇರಿಸಿ ಹಾಗೇ ಬಿಟ್ಟಿದ್ದರೆ ಇಸಿಯು ಟೆಸ್ಟ್ ಮೋಡ್‌ನಲ್ಲಿರುತ್ತದೆ. ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ, ರೇಡಿಯೇಟರ್ ಫ್ಯಾನ್ ತಾನೇ ಹತ್ತಿ ಆರುತ್ತಿದ್ದರೆ ಅದೇ ಗುರುತು. ಬಿಡಿಸಿ. ಲಾಗಿಂಗ್‌ಗೆ ಅದು ಬೇಡ. ಓಬಿಡಿ ಪೋರ್ಟ್‌ಗೆ ವೈ ಕೇಬಲ್ ಹಾಕಿ ಡಿಜಿಟಲ್ ಗೇಜ್ ಕೂಡ ಚುಚ್ಚಿದ್ದರೆ ಅದನ್ನೂ ತೆಗೆಯಿರಿ. ಒಂದೇ ತಂತಿಯಲ್ಲಿ ಇಬ್ಬರು ಪ್ರಶ್ನೆ ಕೇಳಿದರೆ ಉತ್ತರಗಳು ಕಲಸಿಹೋಗುತ್ತವೆ.

ಕಾಲಂಗಳು ಇಷ್ಟೇ ಇರಲಿ: ಆರ್‌ಪಿಎಂ, ಮಾಫ್ ಗ್ರಾಂ, ಮಾಫ್ ವೋಲ್ಟೇಜ್, ಥ್ರಾಟಲ್, ಮ್ಯಾನಿಫೋಲ್ಡ್ ಒತ್ತಡ, ಇನ್‌ಟೇಕ್ ತಾಪಮಾನ, ನೇರ ಲೋಡ್, ಏರ್-ಫ್ಯೂಯಲ್ ಕರೆಕ್ಷನ್ ಮತ್ತು ಲರ್ನಿಂಗ್ (ಇಸಿಯು ಇಂಧನಕ್ಕೆ ಆ ಕ್ಷಣ ಮಾಡುವ ಮತ್ತು ಕಲಿತಿಟ್ಟುಕೊಂಡ ಶೇಕಡಾ ತಿದ್ದುಪಡಿ). ಸಿಕ್ಕಿದ್ದನ್ನೆಲ್ಲ ಟಿಕ್ ಮಾಡಬೇಡಿ, ಕಾರಣ ಮುಂದಿದೆ.

1. ಕೀ ಆನ್, ಇಂಜಿನ್ ಆಫ್, 30 ಸೆಕೆಂಡ್. ಆರ್‌ಪಿಎಂ ಸೊನ್ನೆ ಇರಬೇಕು. ಮ್ಯಾನಿಫೋಲ್ಡ್ ಒತ್ತಡ ನಿಮ್ಮ ಊರಿನ ವಾತಾವರಣದ ಒತ್ತಡಕ್ಕೆ ಸಮ ಇರಬೇಕು. ಲೆಕ್ಕದ ಲೋಡ್ ಇಲ್ಲಿ ಸೊನ್ನೆಯಿಂದ ಭಾಗಾಕಾರ, ಹಾಗಾಗಿ ಏನು ತೋರಿಸಿದರೂ ಲೆಕ್ಕಕ್ಕಿಲ್ಲ.

2. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್, ಎರಡು ನಿಮಿಷ, ಎಸಿ ಆಫ್. 750 ಆರ್‌ಪಿಎಂಗೆ ಮಾಫ್ 3.5 ಗ್ರಾಂ ಇದ್ದರೆ ಲೋಡ್ 0.28.

3. ಸಮತಟ್ಟು ರಸ್ತೆಯಲ್ಲಿ 2500 ಆರ್‌ಪಿಎಂ, ಕಾಲು ಅಲುಗಿಸದೆ ಒಂದು ನಿಮಿಷ.

4. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಅಥವಾ ಟ್ರ್ಯಾಕ್ ಮೇಲೆ ಮೂರನೇ ಗೇರಿನಲ್ಲಿ 2500ರಿಂದ ರೆಡ್‌ಲೈನ್ ಹತ್ತಿರದವರೆಗೆ ಪೂರ್ತಿ ಥ್ರಾಟಲ್. ಮೊದಲ ಮೂರು ಲಾಗ್ ಸರಿಬರುವ ತನಕ ಇದನ್ನು ಮಾಡುವ ಅಗತ್ಯವೇ ಇಲ್ಲ.

ಓಡಿಸುತ್ತ ಲ್ಯಾಪ್‌ಟಾಪ್ ಮುಟ್ಟಬೇಡಿ. ಹಿಂದಿನ ಗಾಜಿನ ಡಿಫಾಗರ್ ಸ್ವಿಚ್ ಒತ್ತಿದರೆ ಲಾಗ್ ಶುರುವಾಗುವ, ಇನ್ನೊಮ್ಮೆ ಒತ್ತಿದರೆ ನಿಲ್ಲುವ ಸೌಲಭ್ಯ ರೋಮ್‌ರೈಡರ್‌ನಲ್ಲಿದೆ.

ಅನುಪಾತದ ಕಾಲಂ

ಮೂರನೇ ಲಾಗ್ ತೆರೆದು ಹೊಸ ಕಾಲಂ ಒಂದನ್ನು ಸೇರಿಸಿ: ನೇರ ಲೋಡ್ ÷ ಕೈಲೆಕ್ಕದ ಲೋಡ್. ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಉತ್ತರ ಕೊಡುವುದು ಇದೊಂದೇ.

ಉತ್ತರ 1ರ ಆಸುಪಾಸಿನಲ್ಲಿ, ಶೇ. 3–4ರೊಳಗೆ ಆಡುತ್ತಿದ್ದರೆ ಲಾಗರ್ ಸರಿಯಿದೆ. ತಪ್ಪು ಇನ್ನೂ ಇದ್ದರೆ ಅದು ಗಾಳಿಯ ಕಡೆಯದು.

ಅನುಪಾತ ಎಲ್ಲ ಸಾಲುಗಳಲ್ಲೂ ಒಂದೇ ಇದ್ದು, ಅದು 1 ಅಲ್ಲದಿದ್ದರೆ ಮೂಲಮಾನದ ಎಡವಟ್ಟು. 0.5 ಬಂದರೆ ಒಂದು ಕಡೆ ಪ್ರತಿ ಸುತ್ತು, ಇನ್ನೊಂದು ಕಡೆ ಪ್ರತಿ ಸ್ಟ್ರೋಕ್. ಕೈಲೆಕ್ಕದ ಅಂಕಿ 0.0083ರಂತೆ ತೀರ ಚಿಕ್ಕದಾಗಿದ್ದರೆ 60ರ ಗುಣಾಕಾರ ಬಿಟ್ಟುಹೋಗಿದೆ. 7.56ರ ಸುತ್ತ ಬಂದರೆ ಮಾಫ್ ಕಾಲಂ ನಿಮಿಷಕ್ಕೆ ಪೌಂಡ್ ಲೆಕ್ಕದಲ್ಲಿದೆ. ಲಾಗರ್‌ನಲ್ಲಿ ಆ ಕಾಲಂನ ಮೂಲಮಾನ ಬದಲಿಸಿದರೆ ಮುಗಿಯಿತು.

ಅನುಪಾತ ತಲೆಬುಡವಿಲ್ಲದೆ ಕುಣಿಯುತ್ತಿದ್ದರೆ, ಅಥವಾ ನೇರ ಲೋಡ್ ಸದಾ ಸೊನ್ನೆ, ಋಣ ಸಂಖ್ಯೆ, ಹತ್ತಾರು ಸೊನ್ನೆಗಳ ದೈತ್ಯ ಸಂಖ್ಯೆ ತೋರಿಸುತ್ತಿದ್ದರೆ ಲಾಗರ್ ತಪ್ಪು ವಿಳಾಸದಿಂದ ಓದುತ್ತಿದೆ. ನೇರ ಲೋಡ್‌ನಂಥ ಹೆಚ್ಚುವರಿ ಪ್ಯಾರಾಮೀಟರ್‌ಗಳು ರ‍್ಯಾಮ್‌ನಲ್ಲಿ ಎಲ್ಲಿವೆ ಎಂಬುದು ಒಂದೊಂದು ರೋಮ್ (ಇಸಿಯುವಿನೊಳಗಿನ ತಂತ್ರಾಂಶ) ಆವೃತ್ತಿಗೆ ಒಂದೊಂದು. ಲಾಗರ್ ಡೆಫಿನಿಷನ್ ಫೈಲ್ ಇಸಿಯು ಐಡಿಯನ್ನು ನೋಡಿ ವಿಳಾಸ ಆರಿಸುತ್ತದೆ. ಐಡಿ ಆ ಫೈಲ್‌ನಲ್ಲಿ ಇಲ್ಲದಿದ್ದರೆ ಪ್ಯಾರಾಮೀಟರ್ ಪಟ್ಟಿಯಲ್ಲೇ ಕಾಣುವುದಿಲ್ಲ. ಹೊಸ ಡೆಫಿನಿಷನ್ ಹಾಕಿಕೊಳ್ಳಿ. ಹೆಚ್ಚು ಅಪಾಯದ್ದು ಬೇರೆ ಸಂದರ್ಭ. ಯಾರೋ ಹಿಂದೆ ಬೇರೆ ಆವೃತ್ತಿಯ ರೋಮ್ ಫ್ಲಾಶ್ ಮಾಡಿ, ಐಡಿಯನ್ನು ಕೈಯಾರೆ ತಿದ್ದಿರುತ್ತಾರೆ. ಆಗ ಪ್ಯಾರಾಮೀಟರ್ ಕಾಣುತ್ತದೆ, ಅಂಕಿಯೂ ಬರುತ್ತದೆ, ಆದರೆ ಅದು ಲೋಡ್ ಅಲ್ಲ, ಇನ್ನಾವುದೋ ವೇರಿಯಬಲ್. ಇಸಿಯುವಿನಿಂದ ರೋಮ್ ಓದಿಕೊಂಡು ಎಡಿಟರ್‌ನಲ್ಲಿ ತೆರೆದು ಅದರ ಕ್ಯಾಲಿಬ್ರೇಷನ್ ಐಡಿಯನ್ನೂ ಲಾಗರ್ ತೋರಿಸುವ ಇಸಿಯು ಐಡಿಯನ್ನೂ ತಾಳೆ ನೋಡಿ.

ಈ ಕಾರುಗಳ 32 ಬಿಟ್ ಇಸಿಯು ಲೋಡನ್ನು ನಾಲ್ಕು ಬೈಟ್‌ಗಳ ದಶಮಾಂಶ ಸಂಖ್ಯೆಯಾಗಿ ಇಡುತ್ತದೆ. 2002–2005ರ 2.0 ಲೀಟರ್ ಡಬ್ಲ್ಯುಆರ್‌ಎಕ್ಸ್‌ನ 16 ಬಿಟ್ ಇಸಿಯು ಹಾಗಲ್ಲ. ಒಂದರ ಡೆಫಿನಿಷನ್ ಸಾಲನ್ನು ನಕಲು ಮಾಡಿ ಇನ್ನೊಂದಕ್ಕೆ ಅಂಟಿಸಿದರೂ ಇದೇ ದೈತ್ಯ ಸಂಖ್ಯೆಗಳು ಹುಟ್ಟುತ್ತವೆ.

ಲಾಗ್ ನಿಧಾನವಾಗಿದ್ದಾಗ

ಈ ಕಾರುಗಳ ಎಸ್‌ಎಸ್‌ಎಂ (ಸುಬಾರುವಿನ ಸ್ವಂತ ಸಂವಹನ ವಿಧಾನ) ಸಂಪರ್ಕ 4800 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದ್ದು. ಒಂದು ಬೈಟ್‌ಗೆ ಶುರು-ಕೊನೆ ಸೇರಿ 10 ಬಿಟ್, ಅಂದರೆ ಸೆಕೆಂಡಿಗೆ 480 ಬೈಟ್, ಅದಕ್ಕಿಂತ ಒಂದೂ ಹೆಚ್ಚಿಲ್ಲ. 10 ವಿಳಾಸ ಕೇಳಲು ಪ್ರಶ್ನೆಗೆ 37 ಬೈಟ್, ಉತ್ತರಕ್ಕೆ 16. ಒಟ್ಟು 53, ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 9 ಸಾಲು. 30 ವಿಳಾಸ ಕೇಳಿದರೆ 133 ಬೈಟ್, ನಾಲ್ಕು ಸಾಲೂ ಸಿಗುವುದಿಲ್ಲ.

ಇಲ್ಲಿ ಎಣಿಸಬೇಕಾದದ್ದು ಪ್ಯಾರಾಮೀಟರ್ ಅಲ್ಲ, ವಿಳಾಸ. ಆರ್‌ಪಿಎಂಗೆ 2, ಮಾಫ್‌ಗೆ 2, ನಾಲ್ಕು ಬೈಟ್‌ನ ನೇರ ಲೋಡ್ ಒಂದಕ್ಕೇ 4. ಮೂರನೇ ಗೇರಿನಲ್ಲಿ ಸೆಕೆಂಡಿಗೆ 800 ಆರ್‌ಪಿಎಂ ಏರುವ ಕಾರಿಗೆ ನಾಲ್ಕು ಸಾಲಿನ ಲಾಗ್ ಹಿಡಿದರೆ ಒಂದು ಸಾಲಿಗೂ ಮುಂದಿನದಕ್ಕೂ ನಡುವೆ 200 ಆರ್‌ಪಿಎಂ ಜಾರಿಹೋಗಿರುತ್ತದೆ. ಬೂಸ್ಟ್ (ಟರ್ಬೊ ತುಂಬುವ ಹೆಚ್ಚುವರಿ ಒತ್ತಡ) ಏರುವ ಜಾಗದಲ್ಲಿ ಲೋಡ್‌ನ ತುದಿ ಆ ಸಂದಿಯಲ್ಲೇ ಕಳೆದುಹೋಗಬಹುದು.

ಪರಿಹಾರ ಎರಡು. ಲಾಗರ್‌ನಲ್ಲಿ ಫಾಸ್ಟ್ ಪೋಲಿಂಗ್ ಆನ್ ಮಾಡಿ. ಆಗ ಪ್ರಶ್ನೆ ಒಂದೇ ಸಲ, ಇಸಿಯು ಉತ್ತರಗಳನ್ನು ಸಾಲಾಗಿ ಕಳಿಸುತ್ತಲೇ ಇರುತ್ತದೆ. ಮೇಲಿನ 10 ವಿಳಾಸಕ್ಕೆ ಸೆಕೆಂಡಿಗೆ 30 ಸಾಲಿನವರೆಗೆ ಸಾಧ್ಯ. ಎರಡನೆಯದು, ಅನುಪಾತ ಒಮ್ಮೆ ಸರಿಬಂದ ಮೇಲೆ ನೇರ ಲೋಡ್ ಕಾಲಂ ತೆಗೆದು ಕೈಲೆಕ್ಕದ್ದನ್ನೇ ಬಳಸುವುದು. ಮಿತಿ ತಾಗುವ ಸಂಶಯ ಇರುವಲ್ಲಿ ಮಾತ್ರ ಮತ್ತೆ ಸೇರಿಸಿ.

ಒಂದೇ ಸಾಲಿನಲ್ಲಿ ಲೋಡ್ ಚಂಗನೆ ಜಿಗಿದು ಮರುಸಾಲಿಗೆ ಸರಿಯಾಗುವುದೂ ಉಂಟು. ಆ ಸಾಲಿನಲ್ಲಿ ಮಾಫ್ ಸುಮಾರು 2.56 ಗ್ರಾಂ ಅಥವಾ ಆರ್‌ಪಿಎಂ ಸುಮಾರು 64 ಜಿಗಿದಿದೆಯೇ ನೋಡಿ. ಎರಡು ಬೈಟ್‌ಗಳ ಅಂಕಿಯಲ್ಲಿ ಮೇಲಿನ ಬೈಟ್ ಒಂದು ಕ್ಷಣದ್ದು, ಕೆಳಗಿನದು ಇನ್ನೊಂದು ಕ್ಷಣದ್ದಾದರೆ ವ್ಯತ್ಯಾಸ ಅಷ್ಟೇ ಬರುತ್ತದೆ: 256ನ್ನು ಮಾಫ್‌ಗೆ 100ರಿಂದ, ಆರ್‌ಪಿಎಂಗೆ 4ರಿಂದ ಭಾಗಿಸಿದಷ್ಟು. ಇಂಜಿನ್‌ನಲ್ಲಿ ದೋಷವಿಲ್ಲ, ಸಾಲು ಅಳಿಸಿ. ಸರಾಸರಿ ತೆಗೆದು ಮುಚ್ಚಿಹಾಕಬೇಡಿ. ಸ್ಮೂತಿಂಗ್ ಮಾಡಿದ ಲಾಗ್‌ನಲ್ಲಿ ನಿಜವಾದ ಜಿಗಿತವೂ ಮಾಯವಾಗುತ್ತದೆ.

ಲೋಡ್ ಮೇಲೆ ಹೋಗಿ ನಿಂತುಬಿಟ್ಟರೆ

ಪೂರ್ತಿ ಥ್ರಾಟಲ್ ಲಾಗ್‌ನಲ್ಲಿ ಲೋಡ್ ಚಪ್ಪಟೆಯಾಗಿ ಕಂಡರೆ ಯಾವ ಕಾಲಂ ಚಪ್ಪಟೆ ಎಂದು ನೋಡಿ.

ಕೈಲೆಕ್ಕದ ಲೋಡ್ ಏರುತ್ತಲೇ ಇದ್ದು ನೇರ ಲೋಡ್ ಮಾತ್ರ ಒಂದೇ ಅಂಕಿಯಲ್ಲಿ ನಿಂತಿದ್ದರೆ ರೋಮ್‌ನೊಳಗಿನ ಲೋಡ್ ಮಿತಿಯ ಟೇಬಲ್ ಕತ್ತರಿ ಹಾಕಿದೆ. ಬೂಸ್ಟ್ ಹೆಚ್ಚಿಸಿ ಈ ಟೇಬಲನ್ನು ಮರೆತ ಟ್ಯೂನ್‌ಗಳಲ್ಲಿ ಇದು ಮಾಮೂಲು. ಗಾಳಿ ಹೆಚ್ಚು ಬರುತ್ತಿದ್ದರೂ ಇಸಿಯು ಕಡಿಮೆ ಎಂದೇ ತಿಳಿಯುತ್ತದೆ.

ಮಾಫ್ ಕಾಲಮ್ಮೇ ಚಪ್ಪಟೆಯಾಗಿದ್ದರೆ ಲೋಡ್ ನಿಲ್ಲುವುದಿಲ್ಲ, ಇಳಿಯುತ್ತದೆ. ಮಾಫ್ 300 ಗ್ರಾಂನಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ: 5500 ಆರ್‌ಪಿಎಂನಲ್ಲಿ ಲೋಡ್ 3.27, 6000ದಲ್ಲಿ 3.00, 6500ರಲ್ಲಿ 2.77. ಟರ್ಬೊ ಉಸಿರು ಕಟ್ಟಿದಾಗಲೂ ಮೇಲಿನ ಆರ್‌ಪಿಎಂನಲ್ಲಿ ಲೋಡ್ ಇಳಿಯುತ್ತದೆ, ಆದರೆ ಇಷ್ಟು ಕರಾರುವಾಕ್ಕಾಗಿ ಅಲ್ಲ. ಲೋಡ್ × ಆರ್‌ಪಿಎಂ ಪ್ರತಿ ಸಾಲಿನಲ್ಲೂ ಒಂದೇ ಬಂದರೆ ಅದು ಮಿತಿ. ಮಾಫ್ ವೋಲ್ಟೇಜ್ 5ರ ಹತ್ತಿರ ಅಂಟಿಕೊಂಡಿದ್ದರೆ ಸೆನ್ಸರ್‌ನ ಮಿತಿ. ವೋಲ್ಟೇಜ್ ಏರುತ್ತಿದ್ದು ಗ್ರಾಂ ಮಾತ್ರ ನಿಂತಿದ್ದರೆ ರೋಮ್‌ನ ಮಾಫ್ ಮಿತಿ. ಎರಡನೆಯದನ್ನು ಟೇಬಲ್‌ನಲ್ಲಿ ಎತ್ತರಿಸಬಹುದು. ಮೊದಲನೆಯದಕ್ಕೆ ದೊಡ್ಡ ಮಾಫ್ ಹೌಸಿಂಗ್, ಅದರ ಜೊತೆ ಹೊಸ ಸ್ಕೇಲಿಂಗ್ (ವೋಲ್ಟೇಜನ್ನು ಗ್ರಾಂಗೆ ಬದಲಿಸುವ ಟೇಬಲ್) ಬೇಕು.

ಒತ್ತಡದ ಕಾಲಂಗೂ ಇಂಥದೇ ಗೋಡೆ ಇದೆ. ಒಂದು ಬೈಟ್‌ನ ಎಸ್‌ಎಸ್‌ಎಂ ಅಂಕಿ 37 ಪಿಎಸ್‌ಐಗೆ, ಓಬಿಡಿಯ ಪಿಐಡಿ 0ಬಿ 255 ಕಿಲೋಪಾಸ್ಕಲ್‌ಗೆ ನಿಲ್ಲುತ್ತವೆ. ಸಮುದ್ರಮಟ್ಟದಲ್ಲಿ ಎರಡೂ ಸುಮಾರು 22 ಪಿಎಸ್‌ಐ ಬೂಸ್ಟ್. ಅದರಾಚೆ ಬೂಸ್ಟ್ ಎಷ್ಟಿದ್ದರೂ ಲಾಗ್‌ಗೆ ಗೊತ್ತಾಗುವುದಿಲ್ಲ.

ಟೈಮಿಂಗ್ ಟೇಬಲ್‌ನ ಕೊನೆಯ ಲೋಡ್ ಕಾಲಂ ಎಷ್ಟೆಂದು ನೋಡುವುದನ್ನೂ ಬಿಡಬೇಡಿ. ಲೋಡ್ ಅದನ್ನು ದಾಟಿದರೆ ಇಸಿಯು ಕೊನೆಯ ಮನೆಯ ಅಂಕಿಯನ್ನೇ ಹಿಡಿದುಕೊಂಡಿರುತ್ತದೆ, ಮುಂದಕ್ಕೆ ಊಹಿಸಿ ಇಳಿಸುವುದಿಲ್ಲ.

ಲಾಗ್ ಸರಿ, ಗಾಳಿ ತಪ್ಪು

ಅನುಪಾತ 1 ಬಂದೂ ಲೋಡ್ ನಂಬಲಾಗದಂತಿದ್ದರೆ ಮಾಫ್ ಕಡೆ ಬನ್ನಿ. ಮೊದಲು ಕನೆಕ್ಟರ್ ಬಳಿ ಮಲ್ಟಿಮೀಟರ್ ಇಟ್ಟು ಐಡಲ್‌ನಲ್ಲಿ ಸಿಗ್ನಲ್ ವೋಲ್ಟೇಜ್ ಅಳೆದು ಲಾಗ್‌ನ ವೋಲ್ಟೇಜ್ ಜೊತೆ ಹೋಲಿಸಿ. ಎದ್ದು ಕಾಣುವ ವ್ಯತ್ಯಾಸವಿದ್ದರೆ ಅರ್ತಿಂಗ್ ಅಥವಾ ತಂತಿಯ ದೋಷ.

ಸೋರಿಕೆ ಎಲ್ಲಿದೆ ಎಂಬುದರ ಮೇಲೆ ಲಾಗ್ ಬೇರೆ ಬೇರೆ ಮುಖ ತೋರಿಸುತ್ತದೆ. ಮಾಫ್ ಮತ್ತು ಟರ್ಬೊ ನಡುವಿನ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೆ ಅಳತೆಗೆ ಸಿಗದ ಗಾಳಿ ಯಾವಾಗಲೂ ಒಳಗೆ ನುಗ್ಗುತ್ತದೆ: ಲೋಡ್ ಕಡಿಮೆ, ಮಿಶ್ರಣ ಲೀನ್ (ಇಂಧನ ಕಡಿಮೆ). ಟರ್ಬೊದಿಂದ ಥ್ರಾಟಲ್‌ವರೆಗಿನ ಪೈಪ್ ಸಡಿಲವಿದ್ದರೆ ಬೂಸ್ಟ್‌ನಲ್ಲಿ ಅಳೆದ ಗಾಳಿ ಹೊರಗೆ ಹೋಗುತ್ತದೆ: ಲೋಡ್ ಹೆಚ್ಚು, ಮಿಶ್ರಣ ರಿಚ್ (ಇಂಧನ ಹೆಚ್ಚು), ಐಡಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಥ್ರಾಟಲ್ ಆಚೆಯ ಸೋರಿಕೆ ಐಡಲ್‌ನಲ್ಲಿ ಲೀನ್, ಬೂಸ್ಟ್‌ನಲ್ಲಿ ರಿಚ್. ಗಾಳಿಯನ್ನು ಹೊರಕ್ಕೆ ಉಗುಳುವ ಬ್ಲೋ-ಆಫ್ ವಾಲ್ವ್ ಹಾಕಿದ್ದರೆ ಗೇರ್ ಬದಲಿಸುವ ಕ್ಷಣದ ಲೋಡ್ ಅಂಕಿಯನ್ನು ನಂಬುವ ಹಾಗೇ ಇಲ್ಲ. ಅಳೆದಾದ ಗಾಳಿ ಬೀದಿಪಾಲು. ಸದ್ದು ಚೆನ್ನಾಗಿದೆ ಎಂಬುದಷ್ಟೇ ಅದರ ಲಾಭ.

ಏರ್-ಫ್ಯೂಯಲ್ ಲರ್ನಿಂಗ್ ಅಂಕಿಗಳು ಇಲ್ಲಿ ಸಾಕ್ಷಿ. ಹೆಚ್ಚಿನ ಸ್ಟಾಕ್ (ಕಂಪನಿಯಿಂದ ಬಂದ) ರೋಮ್‌ಗಳಲ್ಲಿ ಇವು ಮಾಫ್‌ನ ನಾಲ್ಕು ಪಟ್ಟಿಗಳಾಗಿವೆ: 5.6 ಗ್ರಾಂವರೆಗೆ, 10ರವರೆಗೆ, 40ರವರೆಗೆ, ಅದರ ಮೇಲೆ. ಮೊದಲನೆಯದೊಂದೇ ಪ್ಲಸ್ 10 ಆಗಿದ್ದರೆ ಥ್ರಾಟಲ್ ಆಚೆಯ ಸೋರಿಕೆ ಹುಡುಕಿ. ನಾಲ್ಕೂ ಸುಮಾರು ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಸ್ಕೇಲಿಂಗ್ ಅಥವಾ ಇಂಜೆಕ್ಟರ್ ಅಂಕಿ ನೋಡಿ. ಬ್ಯಾಟರಿ ತೆಗೆದ ಮೇಲೆ ಅಥವಾ ಇಸಿಯು ರೀಸೆಟ್ ಮಾಡಿದ ಮೇಲೆ ಈ ಅಂಕಿಗಳು ಸೊನ್ನೆಯಾಗಿರುತ್ತವೆ. ಸೊನ್ನೆ ಕಂಡ ತಕ್ಷಣ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ.

ಇನ್‌ಟೇಕ್ ಬದಲಿಸಿ ಮಾಫ್ ಸ್ಕೇಲಿಂಗ್ ಬದಲಿಸದಿರುವುದು ಅತಿ ಸಾಮಾನ್ಯ ತಪ್ಪು. ಸೆನ್ಸರ್ ಇರುವ ಜಾಗದ ಪೈಪ್ ಒಳವ್ಯಾಸ 65 ಮಿ.ಮೀ.ಯಿಂದ 70ಕ್ಕೆ ಹೋದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ. 16 ಹೆಚ್ಚುತ್ತದೆ, ಅಷ್ಟೇ ಗಾಳಿಗೆ ಸೆನ್ಸರ್ ಸುಮಾರು ಶೇ. 14 ಕಡಿಮೆ ಓದುತ್ತದೆ. ಲೋಡ್ ಕಡಿಮೆ ಕಂಡಷ್ಟೂ ಟೈಮಿಂಗ್ ಟೇಬಲ್‌ನಲ್ಲಿ ಇಸಿಯು ಎಡಕ್ಕೆ ಸರಿದು ಹೆಚ್ಚು ಅಡ್ವಾನ್ಸ್ ಕೊಡುತ್ತದೆ, ಅಂದರೆ ಕಿಡಿಯನ್ನು ಇನ್ನೂ ಮುಂಚೆ ಹಾರಿಸುತ್ತದೆ. ಲೀನ್ ಮಿಶ್ರಣ, ಮೇಲೆ ಹೆಚ್ಚು ಟೈಮಿಂಗ್. ಪಿಸ್ಟನ್ ಒಡೆಯಲು ಬೇರೇನೂ ಬೇಕಿಲ್ಲ.

ಸೆನ್ಸರ್ ಕೊಳೆಯಾಗಿದ್ದರೆ ಮಾಫ್ ಕ್ಲೀನರ್ ಮಾತ್ರ ಸಿಂಪಡಿಸಿ. ಬ್ರೇಕ್ ಕ್ಲೀನರ್, ಕಾರ್ಬ್ ಕ್ಲೀನರ್ ಬೇಡ. ಬಟ್ಟೆ, ಬ್ರಷ್ ತಾಗಿಸಬೇಡಿ. 15 ನಿಮಿಷ ಒಣಗಲು ಬಿಟ್ಟು ಹಾಕಿ.

ನಮ್ಮೂರಿನ ಕಾರುಗಳಲ್ಲಿ

ಓಬಿಡಿ ಸ್ಕ್ಯಾನರ್‌ಗೆ ‘ನೋ ಡೇಟಾ’ ಉತ್ತರ ಬಂದರೆ ಆ ಪಿಐಡಿ ನಿಮ್ಮ ಕಾರಿನಲ್ಲಿ ಇಲ್ಲ. ನಮ್ಮಲ್ಲಿನ ಅನೇಕ ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಮಾಫ್ ಸೆನ್ಸರೇ ಇರುವುದಿಲ್ಲ, ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಮಾತ್ರ. ಅಂಥ ಕಡೆ ಗಾಳಿಯನ್ನು ಹೀಗೆ ಅಂದಾಜು ಮಾಡಬಹುದು: ಆರ್‌ಪಿಎಂ × ಒತ್ತಡ (ಕಿಲೋಪಾಸ್ಕಲ್) ÷ ಇನ್‌ಟೇಕ್ ತಾಪಮಾನ (ಕೆಲ್ವಿನ್), ಅದನ್ನು 120ರಿಂದ ಭಾಗಿಸಿ, ಇಂಜಿನ್ ಲೀಟರ್‌ನಿಂದಲೂ 3.48ರಿಂದಲೂ ಗುಣಿಸಿ, ಕೊನೆಗೆ ಇಂಜಿನ್ ತುಂಬುವ ದಕ್ಷತೆಯಿಂದ ಗುಣಿಸಿ. 1.2 ಲೀಟರ್, 3000 ಆರ್‌ಪಿಎಂ, 100 ಕಿಲೋಪಾಸ್ಕಲ್, 25 ಡಿಗ್ರಿ, ದಕ್ಷತೆ 1 ಎಂದು ಹಿಡಿದರೆ 35 ಗ್ರಾಂ. ಲೋಡ್ 0.70. ತಾಪಮಾನಕ್ಕೆ 273 ಸೇರಿಸುವುದು ಮರೆತರೆ ಅಂಕಿ ಹನ್ನೆರಡು ಪಟ್ಟು ಬರುತ್ತದೆ.

ಇಲ್ಲಿ ಇನ್ನೊಂದು ತೊಡಕು: ಸಾಮಾನ್ಯ ಸ್ಕ್ಯಾನರ್ ಪಿಐಡಿಗಳನ್ನು ಒಂದಾದ ಮೇಲೊಂದು ಕೇಳುತ್ತದೆ, ಹಾಗಾಗಿ ಒಂದೇ ಸಾಲಿನ ಆರ್‌ಪಿಎಂ ಮತ್ತು ಒತ್ತಡ ಒಂದೇ ಕ್ಷಣದವಲ್ಲ. ಥ್ರಾಟಲ್ ಒತ್ತಿದ ಮೊದಲ ಅರ್ಧ ಸೆಕೆಂಡಿನ ಸಾಲುಗಳನ್ನು ಬಿಟ್ಟುಬಿಡಿ. ಕ್ಯಾನ್ (ಕಾರಿನೊಳಗಿನ ವೇಗದ ಡಿಜಿಟಲ್ ಜಾಲ) ಸಂಪರ್ಕ ಇರುವ ಕಾರುಗಳಲ್ಲಿ ಒಂದೇ ಪ್ರಶ್ನೆಯಲ್ಲಿ ಆರು ಪಿಐಡಿ ಕೇಳಲು ಅವಕಾಶವಿದೆ, ಆದರೆ ಅಗ್ಗದ ನಕಲಿ ಇಎಲ್‌ಎಂ 327 ಅಡಾಪ್ಟರ್‌ಗಳಲ್ಲಿ ಅನೇಕವು ಅದಕ್ಕೆ ಒಗ್ಗುವುದಿಲ್ಲ.

ಮಂಗಳೂರಿನಲ್ಲಿ ಹಿಡಿದ ಲಾಗನ್ನು ಬೆಂಗಳೂರಿನ ಲಾಗ್ ಜೊತೆ ಹೋಲಿಸುವಾಗ ಪಿಐಡಿ 33 ಸೇರಿಸಿ, ಅದು ವಾತಾವರಣದ ಒತ್ತಡ. 900 ಮೀಟರ್ ದಾಟಿದ ಬೆಂಗಳೂರಿನಲ್ಲಿ ಅದು 91ರ ಆಸುಪಾಸು, ಕರಾವಳಿಯಲ್ಲಿ 101. ಟರ್ಬೊ ಇಲ್ಲದ ಇಂಜಿನ್‌ನ ಅಬ್ಸೊಲ್ಯೂಟ್ ಲೋಡ್ ಕೆಳಗೆ 90 ಇದ್ದದ್ದು ಮೇಲೆ 81ರ ಹತ್ತಿರ ಬಂದರೆ ಸೆನ್ಸರ್ ಬದಲಿಸಲು ಹೋಗಬೇಡಿ. ಪಿಐಡಿ 04 ಎರಡೂ ಕಡೆ 100ರ ಹತ್ತಿರವೇ ಇರುತ್ತದೆ.